ಅತ್ತಿಗೆ ಗೋಡೆಗೆ ನೇತುಹಾಕಿದ ಉದ್ದ ಪೈಪು

ನನ್ನ ಚಿಕ್ಕಣ್ಣನ ಬಗ್ಗೆ ಒಳ್ಳೆಯ ಮಾತು ಕೇಳಬೇಕೆಂದಿದ್ದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ. ಒಡಹುಟ್ಟಿದ ತಂಗಿ ನಾನು, ಆದರೂ ಹೇಳುತ್ತೇನೆ, ಅವನು ಉಂಡ ಮನೆಗೇ ದ್ರೋಹ ಬಗೆದವನು. ನಾನು ಹೇಳಹೊರಟಿರುವುದು ದೊಡ್ಡಣ್ಣನ ಹೆಂಡತಿ, ನಮ್ಮ ಅತ್ತಿಗೆಯ ಕಥೆ. ಆದರೆ ಅವನ ಹೆಸರೆತ್ತದೆ ಆ ಕಥೆ ಮುಂದೆ ಹೋಗುವುದಿಲ್ಲ, ಅದು ನನ್ನ ಕರ್ಮ.

ದೊಡ್ಡಣ್ಣ ಓಟದ ಕಾರುಗಳಿಗೆ ಹೆಡರ್ ಮಾಡುತ್ತಿದ್ದ. ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಪೈಪುಗಳ ಗೊಂಚಲಿಗೆ ಹೆಡರ್ ಎನ್ನುತ್ತಾರೆ. ಅದನ್ನು ಬಾಗಿಸಿ ಬೆಸೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ದಿನ ಅವನ ಗ್ಯಾರೇಜಿನಲ್ಲಿ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ರಾಚಿತು. ಎರಡೂ ಕಣ್ಣು ಹೋದವು. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಚಿಕ್ಕಣ್ಣ ಗ್ಯಾರೇಜಿನ ಬೀಗ ಬದಲಾಯಿಸಿದ, ಬೋರ್ಡು ಬದಲಾಯಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. "ಅಣ್ಣನ ಕೈ ಮೊದ್ಲಿಂದ್ಲೂ ನಡುಗ್ತಿತ್ತು, ಕೆಲಸ ಎಲ್ಲಾ ನಾನೇ ಮಾಡ್ತಿದ್ದೆ, ಅವನಿಗೆ ಕಲಿಸಿದ್ದೂ ನಾನೇ" ಎಂದು ಗಿರಾಕಿಗಳ ಮುಂದೆಲ್ಲ ಹೇಳಿಕೊಂಡು ತಿರುಗಿದ. ಜನ ನಂಬಿದರು. ಅತ್ತಿಗೆ ಆ ಮಾತನ್ನು ಮರೆಯಲಿಲ್ಲ. ಗಂಡನ ಕೈಗುಣ ಗಂಡನದೇ ಎಂದು ಚಿಕ್ಕಣ್ಣನ ಬಾಯಲ್ಲೇ, ನಾಲ್ಕು ಜನರ ಎದುರಿಗೆ ಹೇಳಿಸಬೇಕು ಎಂದು ಹಲ್ಲು ಕಚ್ಚಿ ಕಾದಳು.

ಕಾಯುತ್ತ ಸುಮ್ಮನೆ ಕೂರಲಿಲ್ಲ. ಮನೆಯ ಹಿಂದಿನ ಕಾರ್ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತಳು. ದೊಡ್ಡಣ್ಣ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬೆಸುಗೆಯ ಸದ್ದು ಕೇಳಿಯೇ ಕಲಿಸಿದ. "ಎಣ್ಣೇಲಿ ಕರಿಯೋ ಥರ ಒಂದೇ ಸಮ ಸದ್ದು ಬರ್ಬೇಕು ಕಣೇ, ಈಗ ನಿಂದು ಗೊರಕೆ ಹೊಡೀತಿದೆ" ಎನ್ನುತ್ತಿದ್ದ. ಅತ್ತಿಗೆ ಸೀರೆಯ ಸೆರಗು ಸುಟ್ಟುಕೊಂಡಳು, ಮೊಣಕೈ ಸುಟ್ಟುಕೊಂಡಳು, ಕಲಿತೇಬಿಟ್ಟಳು.

ಮೊದಲು ನಂಬಿ ಬಂದವಳು ಬೇಕರಿಯವಳು. ಅವಳ ಹತ್ತಿರ ಹಳೆಯದೊಂದು ಸ್ಪೋರ್ಟ್ಸ್ ಕಾರಿತ್ತು. ಕಲ್ಲು ಕ್ವಾರಿಯ ರಸ್ತೆಯಲ್ಲಿ ನಡೆಯುವ ಗುಡ್ಡದ ಓಟಕ್ಕೆ ಅದನ್ನು ಇಳಿಸುವ ಹುಚ್ಚು ಅವಳಿಗೆ.

"ಉದ್ದದ ಹೆಡರ್ರೇ ಹಾಕಿ ಅಕ್ಕಾ. ಸದ್ದು ಕೇಳಿದ್ರೆ ಎದೆ ಝಲ್ ಅನ್ಬೇಕು."

"ಸದ್ದು ಬೇಕಾದ್ರೆ ಡೋಲು ಬಾರ್ಸು" ಎಂದಳು ಅತ್ತಿಗೆ. "ಉದ್ದದ್ದು ನೇರ ರಸ್ತೇಲಿ ಚೆನ್ನಾಗಿ ಎಳೆಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕಾರಿನ ಹೊಟ್ಟೆ ಕೆಳಗೆ ಜೋತು ಬೀಳುತ್ತೆ. ಕ್ವಾರಿ ರಸ್ತೇಲಿ ಬರೀ ತಿರುವು, ಉಬ್ಬು. ಗಿಡ್ಡದ್ದು ಎಂಜಿನ್ನಿಗೆ ಅಂಟ್ಕೊಂಡು ಮೇಲೇ ಇರುತ್ತೆ. ಶಕ್ತಿ ಸ್ವಲ್ಪ ಕಮ್ಮಿ ಆದ್ರೂ ಮನೆಗೆ ಪೂರ್ತಿ ಕಾರು ವಾಪಸ್ ಬರುತ್ತೆ."

ಬೇಕರಿಯವಳು ಮುಖ ಸಪ್ಪೆ ಮಾಡಿಕೊಂಡೇ ಒಪ್ಪಿದಳು. ಹೀಗೆ ಗಿಡ್ಡದ್ದನ್ನು ಹಾಕಿ ಮುಗಿಸಿದ ಅತ್ತಿಗೆ, ಮರುದಿನ ಕೂತು ಅದೇ ಮಾಡೆಲ್ಲಿಗೆ ಉದ್ದದ ಹೆಡರ್ ಒಂದನ್ನು ಮಾಡಲು ಶುರುಮಾಡಿದಳು.

"ಇದ್ಯಾರಿಗೆ ಅತ್ತಿಗೆ?" ಎಂದೆ.

"ಗೋಡೆಗೆ" ಎಂದಳು.

ನಿಜವಾಗಿಯೂ ಶೆಡ್ಡಿನ ಬಾಗಿಲ ಎದುರಿನ ಗೋಡೆಗೇ ನೇತುಹಾಕಿದಳು. ಆ ವಾರವೇ ಚಿಕ್ಕಣ್ಣ ಬಂದ. ಅಣ್ಣನ ಆರೋಗ್ಯ ವಿಚಾರಿಸುವುದಕ್ಕಂತೆ! ಕಣ್ಣು ಹೋದಾಗಿನಿಂದ ಈ ಕಡೆ ತಲೆ ಹಾಕಿರಲಿಲ್ಲ, ಈಗ ಪ್ರೀತಿ ಉಕ್ಕಿ ಹರಿಯಿತು. ಹಲ್ಲಿನ ಡಾಕ್ಟರು ಚಿಕ್ಕಣ್ಣನ ದೊಡ್ಡ ಗಿರಾಕಿ, ಮೊದಲು ದೊಡ್ಡಣ್ಣನ ಗಿರಾಕಿಯಾಗಿದ್ದವರು. ಅವರದೂ ಇದೇ ಮಾಡೆಲ್ ಕಾರು, ಅದೂ ಓಟಕ್ಕಿತ್ತು. ಬೇಕರಿ ಕಾರು ನಮ್ಮ ಶೆಡ್ಡಿಗೆ ಬಂದಿದ್ದು ಇವನ ಕಿವಿಗೆ ಬಿದ್ದಿತ್ತು, ಅಷ್ಟೇ.

ಅವನ ಕಣ್ಣು ಗೋಡೆಯ ಮೇಲೆ ನೆಟ್ಟಿತು. ಅದು ಬೇಕರಿ ಕಾರಿಗೆ ಮಾಡಿದ್ದೇ ಎಂದುಕೊಂಡಿರಬೇಕು. ಅತ್ತಿಗೆ ಗಾಬರಿಬಿದ್ದವಳ ಹಾಗೆ ಎದ್ದು ಪೈಪಿನ ಮೇಲೆ ಬಟ್ಟೆ ಹೊದಿಸಿ, "ನೀರು ತರ್ತೀನಿ" ಎಂದು ಒಳಗೆ ಹೋದಳು. ಒಂದು ಲೋಟ ನೀರಿಗೆ ಅಷ್ಟು ಹೊತ್ತೇ? ಇವನು ಬಟ್ಟೆ ಸರಿಸಿ, ಎದುರಿಗೆ ಕೂತ ಕುರುಡ ಅಣ್ಣನ ಜೊತೆ "ಊಟ ಸೇರುತ್ತಾ ಅಣ್ಣಾ" ಎಂದು ಮಾತಾಡುತ್ತಲೇ ಫೋನಿನಲ್ಲಿ ಫೋಟೋ ಹೊಡೆದುಕೊಂಡ, ಗೇಣು ಹಾಕಿ ಅಳೆದುಕೊಂಡ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ಕಪಾಳಕ್ಕೆ ಬಾರಿಸಲು ಹೊರಟೆ. ಅತ್ತಿಗೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

ಓಟದ ದಿನ ಡಾಕ್ಟರ ಕಾರು ಗುಡುಗುತ್ತ ಹೊರಟಿತು. ಜನ ಶಿಳ್ಳೆ ಹೊಡೆದರು, ಚಿಕ್ಕಣ್ಣ ಎದೆಯುಬ್ಬಿಸಿ ನಿಂತ. ಎರಡನೇ ತಿರುವಿನ ಕೆಳಗೊಂದು ಉಬ್ಬು. ಕಾರಿನ ಮೂತಿ ತಗ್ಗಿತು, ಧಡಾರ್ ಎಂದಿತು. ಉದ್ದದ ಪೈಪು ಕಿತ್ತುಬಂದು, ಕಿಡಿ ಕಾರುತ್ತ ರಸ್ತೆಯುದ್ದಕ್ಕೂ ಉಜ್ಜಿಕೊಂಡು ಹೋಯಿತು. ನನಗಾದ ಸಂತೋಷಕ್ಕೆ ನಾಚಿಕೆಯೇನೂ ಇಲ್ಲ. ಡಾಕ್ಟರಿಗೆ ಒಂದು ಗೀರೂ ಆಗಲಿಲ್ಲ. ಅವರು ಇಳಿದು ಬಂದು ಎಲ್ಲರೆದುರು ಚಿಕ್ಕಣ್ಣನ ಕಾಲರ್ ಹಿಡಿದರು.

"ಏನಯ್ಯಾ ಇದು ನಿನ್ನ ಕೆಲಸ?"

"ನಂದಲ್ಲ ಸಾರ್! ಅಳತೆ ಎಲ್ಲಾ ಅತ್ತಿಗೇದು, ಅವರ ಶೆಡ್ಡಲ್ಲಿದ್ದದ್ದನ್ನೇ ನೋಡಿ ಮಾಡಿದ್ದು!"

"ಅವರಿಗೆ ಯಾರು ಕಲಿಸಿದ್ದು?"

"ಅಣ್ಣ... ಅಣ್ಣನೇ ಅಲ್ವಾ ಸಾರ್ ನಮಗೆಲ್ಲಾ ಕಲಿಸಿದ್ದು."

ಅತ್ತಿಗೆ ಮುಂದೆ ಬಂದಳು. "ಕಾರನ್ನ ನೆಲಕ್ಕಿಳಿಸಿ, ಒಳಗೆ ಆಳು ಕೂರಿಸಿ ನೋಡಿದ್ಯಾ?"

"ಜಾಕ್ ಮೇಲೇ ನೋಡ್ದೆ."

"ಗಾಲಿ ಜೋತಾಡ್ತಿರೋವಾಗ ಎಲ್ಲಾ ಪೈಪೂ ಎತ್ತರದಲ್ಲೇ ಕಾಣುತ್ತೆ. ನಿಮ್ಮಣ್ಣ ಮೊದಲು ಹೇಳಿಕೊಟ್ಟ ಪಾಠ ಇದು. ಕದಿಯೋ ಅವಸರದಲ್ಲಿ ಅದನ್ನೂ ಮರೆತ್ಯಾ?"

ಗುಂಪಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಬೇಕರಿಯವಳು ಗೆಲ್ಲಲಿಲ್ಲ, ಆದರೆ ಪೂರ್ತಿ ಕಾರಿನ ಸಮೇತ ಗುಡ್ಡ ಹತ್ತಿದಳು.

ಮನೆಗೆ ಬಂದಾಗ ನನಗೆ ಅಳುಕಿತ್ತು. ದೊಡ್ಡಣ್ಣ ಮೊದಲಿನಿಂದಲೂ ಸಾಧು. ಚಿಕ್ಕಣ್ಣನನ್ನು ನಾನು ಬೈದಾಗಲೆಲ್ಲ "ಹೋಗ್ಲಿ ಬಿಡೇ, ಚಿಕ್ಕೋನು" ಎನ್ನುತ್ತಿದ್ದವನು. ತಮ್ಮನ ಮಾನ ಬೀದಿಪಾಲಾಯಿತು ಎಂದು ಅವನಿಗೆ ಹೇಗೆ ಹೇಳುವುದು? "ಡಾಕ್ಟರ ಕಾರಿನ ಪೈಪು ಕಿತ್ತುಬಂತು" ಎಂದಷ್ಟೇ ಹೇಳಿದೆ.

"ಎರಡನೇ ತಿರುವಿನ ಉಬ್ಬಿನ ಹತ್ರ ತಾನೇ?"

"ನಿಂಗೆ ಹೇಗೆ ಗೊತ್ತು?"

ಅತ್ತಿಗೆ ಚಪ್ಪಲಿ ಬಿಡುತ್ತ ನಕ್ಕಳು. "ಗೋಡೆಗೆ ನೇತುಹಾಕು ಅಂದಿದ್ದು ಯಾರು ಅಂದ್ಕೊಂಡೆ? ಅವನು ಬಂದಾಗ ಬಟ್ಟೆ ಹೊದಿಸು ಅಂದಿದ್ದೂ ನಿಮ್ಮಣ್ಣನೇ."

ದೊಡ್ಡಣ್ಣ ಮುಖವನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿದ.

"ಅವನ ಮುಖ ಹೇಗಿತ್ತು?"

"ರಕ್ತವೇ ಇಲ್ಲದ ಹಾಗೆ ಬಿಳಿಚಿಕೊಂಡಿತ್ತು."

"ಅಳ್ತಿದ್ನಾ?"

"ಜನ ನಕ್ಕಾಗ ಕಣ್ಣಲ್ಲಿ ನೀರು ಬಂತು."

ದೊಡ್ಡಣ್ಣ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಮೊದ್ಲಿಂದ ಹೇಳು" ಎಂದ. "ನಿಧಾನವಾಗಿ, ಒಂದೂ ಬಿಡದೆ ಹೇಳು. ನಾನು ನೋಡ್ಬೇಕು."