ಚಟ್ನಿಯ ಕಣ್ಣಿಗೆ ಗಂಧ

ಗಂಧದ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ದೇವರು ನೆನಪಾಗುತ್ತಾನೆ, ನನಗೆ ಮಾತ್ರ ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ನೆನಪಾಗುತ್ತದೆ. ಮೊನ್ನೆ ನಮ್ಮ ಶಾಲೆಯ ರೋಬೋಟ್ ಕೋಣೆಯಲ್ಲೂ ಹಾಗೇ ಆಯಿತು. ಮರುದಿನ ಸ್ಪರ್ಧೆ, ಅದಕ್ಕೆ ಪೂಜೆ ನಡೆದಿತ್ತು. ಒಬ್ಬಳು ಗಂಧ ತೇಯುತ್ತಿದ್ದಳು, ಪಕ್ಕದಲ್ಲೇ ಇನ್ನೊಬ್ಬಳು ತಂತಿಗೆ ಬೆಸುಗೆ ಹಾಕುತ್ತಿದ್ದಳು. ಗಂಧವೂ ಬೆಸುಗೆಯ ಹೊಗೆಯೂ ಒಟ್ಟಿಗೆ ಬಂದವು ನೋಡಿ, ನಾನು ಇವರ ವಿಜ್ಞಾನದ ಮಿಸ್ ಅನ್ನುವುದೇ ಮರೆತುಹೋಯಿತು... ಎಂಟನೇ ಕ್ಲಾಸಿನ ಹುಡುಗಿಯಾಗಿ ಗ್ರೈಂಡರ್ ಮಾಮನ ಗಾಲಾದ ಬಾಗಿಲಲ್ಲಿ ನಿಂತುಬಿಟ್ಟಿದ್ದೆ.

ಜೋಗೇಶ್ವರಿಯ ಸಣ್ಣ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ, ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ರಿಪೇರಿ ಕೋಣೆ, ಅಲ್ಲಿಯ ಮಾತಿನಲ್ಲಿ ಗಾಲಾ, ಅವರದು. ಉಡುಪಿ ಕಡೆಯವರು. ಕೈ ಒರೆಸುವ ಬಟ್ಟೆಗಳೆಲ್ಲ ಗ್ರೀಸು ಹೀರಿ ಕಪ್ಪೋ ಕಪ್ಪು. ದಹಿಸರ್‌ವರೆಗಿನ ಹೋಟೆಲುಗಳಲ್ಲಿ ಗ್ರೈಂಡರ್ ಕೆಟ್ಟಿತೆಂದರೆ ಅದು ಟೆಂಪೋ ಹತ್ತಿ ಇವರ ಹತ್ತಿರವೇ ಬರಬೇಕು. ಯಾವ ಯಂತ್ರ ಬಿಚ್ಚಿದರೂ ಅದರ ಸ್ಕ್ರೂಗಳನ್ನು ಒಂದು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ, ಬಿಚ್ಚಿದ ಸರದಿಯಲ್ಲೇ ಇಡುತ್ತಿದ್ದರು. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರುವುದು. ತಟ್ಟೆಯನ್ನು ಯಾರಾದರೂ ಒಂದು ಚೂರು ತಿರುಗಿಸಿದರೋ, ಮುಗಿಯಿತು, ಅವತ್ತಿಡೀ ಬೈಗುಳ.

ನಾನು ಅಲ್ಲಿಗೆ ಹೋಗಿದ್ದು ಅವ್ವನ ಸುಟ್ಟ ಮಿಕ್ಸರ್ ಹಿಡಿದುಕೊಂಡು. ಅವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಮಿಕ್ಸರನ್ನು ಮುಖದ ಹತ್ತಿರ ಎತ್ತಿ, ಮಾವಿನಹಣ್ಣು ಮೂಸುವ ಹಾಗೆ ಮೂಸಿದರು.

“ಮೊದಲು ಮೂಸಬೇಕು. ಆಮೇಲೆ ನೋಡಬೇಕು. ಬಿಚ್ಚುವುದು ಕಟ್ಟಕಡೆಗೆ. ಗೊತ್ತಾಯ್ತಾ ಮಾರಾಯ್ತಿ?”

ನನಗೆ ಗೊತ್ತಾಗಿದ್ದು ಇಷ್ಟೇ, ಇವರ ಮೂಲೆಯ ಡಬ್ಬದಲ್ಲಿ ಚಿಕ್ಕ ಚಿಕ್ಕ ಮೋಟಾರುಗಳು ರಾಶಿ ಬಿದ್ದಿವೆ! ಆಗ ನಮಗೆ ಬೇಕಾಗಿದ್ದೂ ಅದೇ. ಶಾಲೆಗಳ ನಡುವೆ ರೋಬೋಟ್ ಸ್ಪರ್ಧೆ ಇದೆ ಎಂದು ಕೇಳಿ, ನಾನು, ಸ್ನೇಹಲ್, ಇನ್ನಿಬ್ಬರು ಹುಡುಗಿಯರು ಸೇರಿ ತಂಡ ಕಟ್ಟಿದ್ದೆವು. ತಂಡ ಎಂದರೆ ನಾಲ್ಕು ಜಡೆ, ಒಂದು ಕತ್ತರಿ. ಹೆಡ್ ಮಿಸ್ ಹತ್ತಿರ ಒಂದು ತಿಂಗಳು ಗೋಗರೆದ ಮೇಲೆ ಮುರಿದ ಬೆಂಚು ತುಂಬಿದ ಕೋಣೆಯ ಬೀಗದ ಕೈ ಸಿಕ್ಕಿತು, ಅದೂ ಷರತ್ತಿನ ಮೇಲೆ. ಸ್ಪರ್ಧೆಯಲ್ಲಿ ರೋಬೋಟ್ ಕಪ್ಪು ಪಟ್ಟೆ ಹಿಡಿದು ಒಂದು ಸುತ್ತು ಪೂರ್ತಿ ಓಡಬೇಕು. ಓಡಿದರೆ ಕೋಣೆ ಯಾವತ್ತಿಗೂ ನಮ್ಮದು. “ನಹೀ ತೋ ಚಾವೀ ವಾಪಸ್” ಎಂದಿದ್ದರು. ಆ ಕೋಣೆ ಹೋದರೆ ನಮಗೆ ಬೇರೆ ಜಾಗ ಎಲ್ಲಿತ್ತು? ಚಾಳಿನ ಒಂದೇ ಖೋಲಿಯಲ್ಲಿ ಐದು ಜನ ಕಾಲು ಮಡಚಿ ಮಲಗುವವರು ನಾವು.

ಮಾಮ ಮೋಟಾರು ಕೊಟ್ಟರು, ಬೆಸುಗೆ ಹಾಕುವುದು ಕಲಿಸಿದರು. ಸ್ನೇಹಲ್‌ಗೆ ಕನ್ನಡ ಬರದು, ಅವರ ಹಿಂದಿ ದೇವರಿಗೇ ಪ್ರೀತಿ, ಆದರೂ ಇಬ್ಬರ ಜಗಳ ಮಾತ್ರ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಹೋಟೆಲಿನ ಚಟ್ನಿ ಪಾತ್ರೆಯ ಮುಚ್ಚಳವೇ ರೋಬೋಟಿನ ಮೈ, ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳೇ ಚಕ್ರ. ಅದಕ್ಕೆ ಚಟ್ನಿ ಎಂದೇ ಹೆಸರಿಟ್ಟೆವು. ಅವ್ವ ನೋಡಿ ಹಣೆ ಚಚ್ಚಿಕೊಂಡಳು. “ಮಿಕ್ಸರ್ ರಿಪೇರಿ ಮಾಡಿಸ್ಕೊಂಡ್ ಬಾ ಅಂದ್ರ ಗಾಡಿ ಮಾಡ್ಕೊಂಡ್ ಬಂದಾಳ ನೋಡ್ರೀ ನನ್ನ ಮಗಳು!” ಬೈದಳೋ ಹೊಗಳಿದಳೋ, ಇವತ್ತಿಗೂ ಹೇಳಲಾರೆ.

ಸ್ಪರ್ಧೆಗೆ ಎರಡು ದಿನ ಮುಂಚೆ ಆಯುಧಪೂಜೆ ಬಂತು. ಗಾಲಾದ ಸುತ್ತಿಗೆ, ಇಕ್ಕಳಗಳ ಸಾಲಿನಲ್ಲಿ ಚಟ್ನಿಗೂ ಜಾಗ ಸಿಕ್ಕಿತು. “ಇದಕ್ಕೆ ಕಣ್ಣು ಎಲ್ಲಿ ಉಂಟು?” ಎಂದು ಮಾಮ ಕೇಳಿದರು. ಪಟ್ಟೆಯನ್ನು ಗುರುತಿಸುವ ಎರಡು ಸೆನ್ಸರುಗಳನ್ನು, ಹೊಟ್ಟೆಯ ಅಡಿಯಲ್ಲಿವೆ ಎಂದು ನಾನೇ ಹೆಮ್ಮೆಯಿಂದ ತೋರಿಸಿದೆ. ತೋರಿಸಿ ಸಿಹಿ ಅವಲಕ್ಕಿಗೆ ಓಡಿದೆ. ಆಮೇಲೆ ಅವರು ಏನು ಮಾಡಿದರೆಂದು ನಾವ್ಯಾರೂ ನೋಡಲಿಲ್ಲ.

ಪೂಜೆಗಿಟ್ಟದ್ದನ್ನು ಓಡಿಸಬಾರದೆಂದು ನಡುವೆ ಮುಟ್ಟಿರಲಿಲ್ಲ, ಸ್ಪರ್ಧೆಯ ದಿನವೇ ಚಟ್ನಿಯನ್ನು ಪಟ್ಟೆಯ ಮೇಲೆ ಇಟ್ಟೆವು. ಅದು ನಿಂತಲ್ಲೇ ಗಿರಗಿರ ತಿರುಗಿತು! ದೊಡ್ಡ ಶಾಲೆಗಳ ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್ ಮಿಸ್ ಮೊದಲ ಸಾಲಿನಲ್ಲೇ ಕೂತಿದ್ದರು, ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಇನ್ನೊಂದೇ ಅವಕಾಶ, ನಡುವೆ ಹತ್ತು ನಿಮಿಷ. “ಸಬ್ ಖೋಲ್ ಡಾಲ್!” ಎಂದು ಸ್ನೇಹಲ್ ಸ್ಕ್ರೂಡ್ರೈವರ್ ಎತ್ತಿದಳು. ಎಲ್ಲ ಬಿಚ್ಚಿದ್ದರೆ ಹತ್ತು ನಿಮಿಷದಲ್ಲಿ ಜೋಡಿಸುವವರು ಯಾರು? ನಾನು ಅವಳ ಕೈ ಹಿಡಿದುಕೊಂಡೆ, ಚಟ್ನಿಯನ್ನು ಎತ್ತಿ ಮೂಸಿದೆ.

ಸುಟ್ಟ ವಾಸನೆ ಇರಲಿಲ್ಲ. ದೇವಸ್ಥಾನದ ವಾಸನೆ ಇತ್ತು.

ತಿರುಗಿಸಿ ನೋಡಿದರೆ ಎರಡೂ ಕಣ್ಣಿನ ಮೇಲೆ ದಪ್ಪಗೆ ಗಂಧ, ಅದರ ನಡುವೆ ಒಂದೊಂದು ಕುಂಕುಮದ ಬೊಟ್ಟು. ಪಾಪ, ಕುರುಡು ಚಟ್ನಿ! ಒಣಗಿ ಗಟ್ಟಿಯಾಗಿತ್ತು. ಓಢಣಿಯ ತುದಿ ನೀರಲ್ಲಿ ಅದ್ದಿ, ನಗುತ್ತಾ ಅಳುತ್ತಾ ಒರೆಸಿದೆವು. ಎರಡನೇ ಸಲ ಚಟ್ನಿ ಓಡಿತು. ತಿರುವಿನಲ್ಲಿ ತಡವರಿಸಿತು, ಆಮೇಲೆ ಮತ್ತೆ ಪಟ್ಟೆ ಹಿಡಿಯಿತು, ಸುತ್ತು ಪೂರ್ತಿ ಮಾಡಿತು. ಬಂದವರಲ್ಲಿ ಕೊನೆಯ ಸ್ಥಾನ. ಆದರೆ ಕೋಣೆ ನಮ್ಮದಾಗಿತ್ತು. ಅಷ್ಟು ಖುಷಿ ಆಮೇಲೆ ನನಗೆ ಕೆಲಸ ಸಿಕ್ಕಾಗಲೂ ಆಗಲಿಲ್ಲ.

ನೇರ ಗಾಲಾಕ್ಕೆ ಓಡಿದೆವು. ಮೊದಲು ನಿಂತಲ್ಲೇ ತಿರುಗಿತು ಎಂದು ಸ್ನೇಹಲ್ ಹೇಳಿಬಿಟ್ಟಳು, ಎಂತ ಆಯ್ತು ಎಂದು ಮಾಮ ಕೇಳಿದರು. ತಂತಿ ಸಡಿಲ ಇತ್ತು ಎಂದು ನಾನು ಸುಳ್ಳು ಹೇಳಿದೆ. ಅಷ್ಟು ಭಕ್ತಿಯಿಂದ ಹಚ್ಚಿದವರಿಗೆ ನಿಮ್ಮಿಂದಲೇ ಹೀಗಾಯಿತು ಎಂದು ಯಾವ ಬಾಯಲ್ಲಿ ಹೇಳಲಿ? ಅವರು ನನ್ನನ್ನೊಮ್ಮೆ ನೋಡಿದರು, ಹಳದಿ ಕೆಂಪು ಕಲೆಯಾದ ನನ್ನ ಓಢಣಿಯನ್ನೊಮ್ಮೆ ನೋಡಿದರು. “ನನ್ನ ಗಂಧ ಸುಮ್ಮನೆಯಾ ಮತ್ತೆ!” ಎಂದು ಗಟ್ಟಿಯಾಗಿ ನಕ್ಕರು.

ಮುಂದಿನ ವರ್ಷಗಳಲ್ಲಿ ಪ್ರತಿ ಸ್ಪರ್ಧೆಯ ಹಿಂದಿನ ದಿನ ಅವರೇ ಗಂಧ ಹಚ್ಚಿದರು, ತಪ್ಪದೆ ಕಣ್ಣಿಗೇ. ಜೊತೆಗೆ ಕಾಗದದ ಪೊಟ್ಟಣದಲ್ಲಿ ಪ್ರಸಾದ, ಒಂದು ತುಂಡು ಹೊಸ ಬಿಳೀ ಮಲ್‌ಮಲ್ ಬಟ್ಟೆ. “ಕೈ ಜಿಡ್ಡಾಗ್ತದೆ, ಇರಲಿ” ಎನ್ನುತ್ತಿದ್ದರು. ನಾವು ಶಾಲೆಗೆ ಬಂದು, ಕದ್ದುಮುಚ್ಚಿ, ಅದೇ ಬಟ್ಟೆಯಿಂದ ಕಣ್ಣು ಒರೆಸುತ್ತಿದ್ದೆವು. ಮಾಮನಿಗೆ ಗೊತ್ತಾಗಬಾರದು ಎನ್ನುವುದು ತಂಡದ ದೊಡ್ಡ ಗುಟ್ಟು. ಹೊಸದಾಗಿ ಸೇರಿದವರಿಂದ ಆಣೆ ಹಾಕಿಸುತ್ತಿದ್ದೆವು!

ಈಗ ಆ ಗಾಲಾದಲ್ಲಿ ಮೊಬೈಲ್ ಕವರುಗಳ ಗೋದಾಮು ಇದೆ. ಮಾಮ ತೀರಿಕೊಂಡು ಕೆಲವು ವರ್ಷಗಳಾದವು... ಇಡ್ಲಿ ತಟ್ಟೆ ಮಾತ್ರ ಅದೇ ಶಾಲೆಯ ನಮ್ಮ ಕೋಣೆಗೆ ಬಂತು, ಈಗ ನಾನು ಅಲ್ಲೇ ಮಿಸ್. ಈಗಲೂ ಸ್ಕ್ರೂಗಳು ಅದರಲ್ಲೇ, ಸರದಿಯಲ್ಲೇ. ಸ್ನೇಹಲ್ ಬೊರಿವಲಿಯಲ್ಲಿ ಲಿಫ್ಟ್ ರಿಪೇರಿ ಮಾಡಿಸುತ್ತಾಳೆ. ಅವಳ ಕೆಲಸಗಾರರೂ ಮೊದಲು ಮೂಸುತ್ತಾರಂತೆ.

ಮೊನ್ನೆ ಇದೆಲ್ಲ ಮಕ್ಕಳಿಗೆ ಹೇಳಿದೆ. ಗಂಧ ತೇಯುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಕೇಳಿದಳು, “ಮಿಸ್, ಪ್ರಸಾದ ಪೇಪರ್‌ನಲ್ಲಿ ಇತ್ತು ಅಲ್ಲಾ? ಕೈ ಜಿಡ್ಡು ಆಗಲ್ಲ. ಅವರ ಹತ್ತಿರ ಕೈ ಒರೆಸೋ ಬಟ್ಟೆ ಎಲ್ಲಾ ಕಾಲಾ ಕಾಲಾ. ಫಿರ್ ನಿಮಗೆ ಯಾಕೆ ಹೊಸದು, ಸಫೇದ್?”

ಇಷ್ಟು ವರ್ಷ ನನ್ನಂಥ ಪೆದ್ದಿಗೆ ಇದು ಹೊಳೆದಿರಲಿಲ್ಲ. ಮೊದಲ ದಿನ ಓಢಣಿ ನೋಡಿದಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೇ ಪ್ರತಿ ವರ್ಷ ಕಣ್ಣಿಗೆ ಹಚ್ಚಿದರು. ಓಡಿಸುವ ಮೊದಲು ನಾವು ಒಂದು ಸಲ ಕಣ್ಣು ಒರೆಸಿ ನೋಡಲಿ ಎಂದು. ನಮ್ಮ ಸುಳ್ಳನ್ನೂ ಹಾಗೇ ಇಟ್ಟುಕೊಂಡರು. ಎಲಾ ಮಾಮ! ಎದುರಿಗೆ ನಿಂತು ಒಂದು ಸಲ ಜಗಳ ಆಡಬೇಕೆನಿಸಿತು, ಎಲ್ಲಿಂದ ತರಲಿ ಅವರನ್ನು... ಮಕ್ಕಳ ಎದುರೇ ಅತ್ತೆ, ಅವರ ಎದುರೇ ನಕ್ಕೆ.

ಆಮೇಲೆ ರೋಬೋಟನ್ನು ತಿರುಗಿಸಿ, ಎರಡೂ ಕಣ್ಣಿಗೆ ದಪ್ಪಗೆ ಗಂಧ ಹಚ್ಚಿದೆ. ಬೀರುವಿನಿಂದ ಒಂದು ಬಿಳೀ ಬಟ್ಟೆಯ ತುಂಡು ತೆಗೆದು ಆ ಹುಡುಗಿಯ ಕೈಗೆ ಕೊಟ್ಟೆ.

“ಕೈ ಜಿಡ್ಡಾಗ್ತದೆ, ಇರಲಿ” ಎಂದೆ.