ಬೀಗರ ಮನೆಯಲ್ಲಿ ಆರಿಸಿದ ಅಧ್ಯಕ್ಷ

ಸಿಂಪಿಗ ಶಟ್ಟೆಪ್ಪ ಪುರಸಭೆಗೆ ನಿಂತದ್ದು ಓಣಿಯ ಹೆಂಗಸರ ಒತ್ತಾಯಕ್ಕೆ. ಪಕ್ಷವಿಲ್ಲ, ಜೀಪಿಲ್ಲ, ಆದರೂ ಎಪ್ಪತ್ತರ ದಶಕದ ಆ ಚುನಾವಣೆಯಲ್ಲಿ ಆರಿಸಿ ಬಂದ. ಫಲಿತಾಂಶ ನೋಡಿದರೆ ಹತ್ತಿ ವ್ಯಾಪಾರಿ ನಿಜಗುಣಪ್ಪನ ಕಡೆಗೂ ಎಣ್ಣೆ ಗಿರಣಿಯ ಹಣಮಂತಪ್ಪನ ಕಡೆಗೂ ಸರಿಸಮ ಮೆಂಬರುಗಳು. ಯಾರು ಅಧ್ಯಕ್ಷರಾಗಬೇಕೆಂಬುದು ಶಟ್ಟೆಪ್ಪನ ಮತದ ಮೇಲೆ ನಿಂತಿತು.

“ಊಟಕ್ಕ ಬಾ,” ಎಂದು ನಿಜಗುಣಪ್ಪ ಅವನನ್ನು ಜೀಪಿನಲ್ಲಿ ಕೂಡಿಸಿಕೊಂಡವನು ಪಕ್ಕದ ಹಳ್ಳಿ ಚಚಡಿಯ ತನ್ನ ಬೀಗರ ಮನೆಯಲ್ಲಿ ಇಳಿಸಿದ. ಅಧ್ಯಕ್ಷರನ್ನು ಆರಿಸುವ ದಿನದವರೆಗೆ ಬಿಡುವಂತಿಲ್ಲ. ಹೋಳಿಗೆ, ತುಪ್ಪ, ಮೆತ್ತನೆಯ ಗಾದಿ ಎಲ್ಲ ಇತ್ತು. ಶಟ್ಟೆಪ್ಪನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಓಣಿಯ ಕಾಡವ್ವನ ಮಗಳ ಮದುವೆಯ ಕುಪ್ಪಸಗಳು ಅಂಗಡಿಯಲ್ಲಿ ಕತ್ತರಿಸಿಟ್ಟಂತೆಯೇ ಉಳಿದಿದ್ದವು.

ಮರುದಿನ ಚಕ್ಕಡಿಯೊಂದು ಬಂದು ನಿಂತಿತು. ಅದರಲ್ಲಿ ಹೊಲಿಗೆ ಮಷೀನು, ಬಟ್ಟೆಯ ಗಂಟು, ಪಕ್ಕದಲ್ಲಿ ಕಾಡವ್ವ. ಜೀಪಿನ ಡ್ರೈವರನ ಹೆಂಡತಿ ಅವಳಿಗೆ ಗುಟ್ಟು ಹೇಳಿಬಿಟ್ಟಿದ್ದಳು.

“ಸಾವುಕಾರ್ರ, ಮೆಂಬರನ್ನ ನೀವು ಇಟ್ಕೋರ್ರಿ. ಸಿಂಪಿಗ್ಯಾ ನಮ್ಮಾಂವ,” ಎಂದು ನಿಜಗುಣಪ್ಪನಿಗೆ ಹೇಳಿದವಳೇ ಮಷೀನನ್ನು ಪಡಸಾಲೆಯಲ್ಲಿ ಇಳಿಸಿದಳು.

ಶಟ್ಟೆಪ್ಪನ ಮುಖ ಅರಳಿತು. ಮಷೀನು ಟರ್ ಟರ್ ಎಂದು ಓಡತೊಡಗಿತು. ಚಕ್ಕಡಿ ಎಲ್ಲಿಗೆ ಹೋಯಿತೆಂದು ಊರಿಗೆಲ್ಲ ಗೊತ್ತಾಗಿತ್ತಲ್ಲ, ಸಂಜೆಯೊಳಗೆ ಹಣಮಂತಪ್ಪನೂ ತನ್ನವರನ್ನು ಲಾರಿಯಲ್ಲಿ ತುಂಬಿಕೊಂಡು ಬಂದ. ಬೀಗರೆದುರು ಜಗಳ ಬೇಡವೆಂದು ನಿಜಗುಣಪ್ಪ ಅವರಿಗೂ ತಾಟು ಹಾಕಿಸಿದ.

ಉಂಡ ಮೇಲೆ ಮಾತು ಶುರುವಾಯಿತು. ವರ್ಷಕ್ಕೊಬ್ಬರು ಅಧ್ಯಕ್ಷರಾಗುವುದಕ್ಕೆ ಇಬ್ಬರೂ ಒಪ್ಪಿದರು. ಮೊದಲು ಯಾರು ಎಂಬಲ್ಲಿ ಯಾರೂ ಬಗ್ಗಲಿಲ್ಲ.

“ಹಂಗಾರ ಮೊದಲ್ನೇ ವರ್ಷ ಶಟ್ಟೆಪ್ಪಣ್ಣನ್ನ ಕುಂದರಸ್ರಿ,” ಎಂದಳು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದ ಕಾಡವ್ವ.

ಎಲ್ಲರೂ ನಕ್ಕರು. ನಗು ನಿಂತ ಮೇಲೆ ನಿಜಗುಣಪ್ಪ, ಹಣಮಂತಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಿನವನಿಗಿಂತ ಸಿಂಪಿಗನೇ ವಾಸಿ ಎಂದು ಇಬ್ಬರಿಗೂ ಅನ್ನಿಸಿತ್ತು.

“ನನಗೇನ ತಿಳೀತೈತ್ರಿ?” ಶಟ್ಟೆಪ್ಪ ಗಾಬರಿಯಾದ.

“ತಿಳೀದಿದ್ರ ಕೇಳು. ನಾವು ಯಾರನ್ನೂ ಕೇಳಲಾರದ ಹಿಂಗ ಆಗೇವಿ,” ಎಂದ ಹಣಮಂತಪ್ಪ.

ಅವಿರೋಧವಾಗಿ ಅಧ್ಯಕ್ಷನಾದ ಶಟ್ಟೆಪ್ಪ ಮೊದಲ ಸಭೆಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ತನ್ನ ಹಿಂದೆ ಯಾರೋ ದೊಡ್ಡವರು ಬಂದರೆಂದು ಅವನು ಬಾಗಿಲಲ್ಲೇ ಬದಿಗೆ ಸರಿದು ದಾರಿ ಬಿಟ್ಟ. ಅಂದು ಬೀದಿ ದೀಪದ ಕಂಬಗಳನ್ನು ಊರಿನ ಯಾವ ತುದಿಯಿಂದ ನೆಡಬೇಕೆಂದು ಮತ್ತೆ ಎರಡು ಗುಂಪಾಯಿತು. ಶಟ್ಟೆಪ್ಪ ಎಲ್ಲರ ಮಾತನ್ನೂ ಕೊನೆತನಕ ಕೇಳಿದ.

“ಎರಡೂ ತುದಿಯಿಂದ ನೆಟ್ಕೋತ ಬರೂಣ್ರಿ. ನಡುವ ಪ್ಯಾಟ್ಯಾಗ ಕೂಡೂಣು.”

ಸಭೆಯ ಕೈಗಳೆಲ್ಲ ಮೇಲೆದ್ದವು. ಅಧ್ಯಕ್ಷನೂ ಖುಷಿಯಲ್ಲಿ ಎರಡೂ ಕೈ ಎತ್ತಿಬಿಟ್ಟ.