ಎಲೆ ಸಮೇತ ತಂದ ಗೆಲ್ಲುಗಳು

ಇವತ್ತು ಫ್ರಿಜ್ಜಿನಿಂದ ಕೊತ್ತಂಬರಿ ಸೊಪ್ಪಿನ ತೊಟ್ಟೆ ತೆಗೆದೆ. ಪ್ಲಾಸ್ಟಿಕ್ಕಿನ ಒಳಮೈಗೆಲ್ಲ ನೀರಹನಿ, ಸೊಪ್ಪಿನದೇ ಬೆವರು. ನೀವಾದರೆ ಕೊಡವಿ ಸಾರಿಗೆ ಹಾಕುತ್ತಿದ್ದಿರಿ. ನನಗೆ ಮಾತ್ರ ನರಿಮೊಗರಿನ ಯಮುನಕ್ಕನ ಬೈಗುಳ ನೆನಪಾಯಿತು.

ಎರಡು ವರ್ಷದ ಹಿಂದೆ ಕಾಣಿಯೂರಿನ ನನ್ನ ತವರಿನ ಹಲಸಿನ ಮರ ಗಾಳಿಗೆ ಬಿತ್ತು. ಅದರ ಮೊದಲ ಹಣ್ಣನ್ನು ದೇವರಿಗೆ ಇಟ್ಟೇ ನಾವು ತಿಂದವರು. ಆ ರುಚಿಯ ಮರ ಬೇರೆಲ್ಲೂ ಇಲ್ಲ. ಅಮ್ಮ ಬಿದ್ದ ಮರದ ಕೊಂಬೆಯಿಂದ ಐದು ಎಳೆ ಗೆಲ್ಲು ಮುರಿದು ಕೊಟ್ಟು, "ಕಸಿ ಕಟ್ಟಿಸು, ಇಲ್ಲಿಗೆ ಮುಗಿಯುದು ಬೇಡ" ಎಂದಳು. ಎಲೆ ಕತ್ತರಿಸಿ ಒಯ್ಯಬೇಕೆಂದು ಅಣ್ಣ ಹೇಳಿದ್ದ. ಆದರೆ ತವರಿನ ಮರವನ್ನು ಬೋಳು ತಲೆಯಲ್ಲಿ ಕರೆದುಕೊಂಡು ಹೋಗುವುದುಂಟೇ? ಎಲೆ ಸಮೇತ ಹಿಡಿದು ಬಸ್ಸು ಹತ್ತಿದೆ. ಪಾಪ, ಗಾಳಿಯಾಡಲಿ ಎಂದು ದಾರಿಯುದ್ದಕ್ಕೂ ಕಿಟಕಿಗೆ ಹಿಡಿದದ್ದು ಬೇರೆ.

ಕಸಿ ಕಟ್ಟುವ ಯಮುನಕ್ಕ ನೋಡಿದವರೇ ಹಣೆ ಚಚ್ಚಿಕೊಂಡರು. "ಎಂತ ಮಾರಾಯ್ರೆ, ಮದುವೆ ದಿಬ್ಬಣವಾ? ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಾವಿರ ಬಾಯಿ ಉಂಟು. ಉಸಿರಿಗೇಂತ ಅದು ತೆರೆದರೆ ನೀರು ಹೊರಗೆ ಹೋಗ್ತದೆ. ಬೇರಿಲ್ಲದ ಗೆಲ್ಲಿಗೆ ಮತ್ತೆ ನೀರು ಕೊಡುದು ಯಾರು? ನೀವು ಗಾಳಿ ಬೇರೆ ಹಾಕಿದ್ದೀರಿ!"

ಮೂರು ಗೆಲ್ಲು ಒಣಗಿಯೇ ಹೋಗಿತ್ತು. ನಾನು ಕಣ್ಣೊರೆಸಿಕೊಂಡದ್ದು ನೋಡಿ ಅವರು ದನಿ ಇಳಿಸಿದರು. "ಎರಡು ಹಸಿ ಉಂಟು. ನೀರು ಕಡಿಮೆ ಆಯ್ತೂಂತ ಗೊತ್ತಾದ ಕೂಡಲೇ ಎಲೆ ಬಾಯಿ ಮುಚ್ಚಿಕೊಂಡಿದೆ. ನಿಮಗಿಂತ ಅದಕ್ಕೆ ಬುದ್ಧಿ ಉಂಟು."

ಬಾಯಿ ಮುಚ್ಚಿದರೆ ಎಲೆಗೆ ಊಟವೂ ಇಲ್ಲವಂತೆ; ಗಾಳಿಯೂ ಅದರ ಅಡುಗೆಯ ಸಾಮಾನೇ. ಗೆಲ್ಲು ಬದುಕಲೆಂದು ಉಪವಾಸ! ಏಕಾದಶಿಯಂದು ಹತ್ತು ಗಂಟೆಗೇ ಅವಲಕ್ಕಿ ಡಬ್ಬ ತೆರೆಯುವ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಎರಡರಲ್ಲಿ ಒಂದು ಕಸಿ ಹಿಡಿಯಿತು. ಬಿಸಿಲಿಗಿಟ್ಟ ಮೊದಲ ಮಧ್ಯಾಹ್ನ ಚಿಗುರೆಲೆ ಜೋತುಬಿತ್ತು. ದೇವರ ಹೆಸರು ಹೇಳುತ್ತಾ ಕೊಡೆ ಹಿಡಿದು ನಿಂತೆ. ಸಂಜೆಗೆ ಅದು ನೆಟ್ಟಗಾಯಿತು. ಕೈ ನೋವು ನನಗೆ ಉಳಿಯಿತು.

ಈಗ ಗಿಡ ನನ್ನ ಎದೆಯೆತ್ತರ. ಅಮ್ಮ ಫೋನಿನಲ್ಲಿ ಕೇಳುವುದು ಒಂದೇ: "ಹಣ್ಣು ಬಿಟ್ಟಿತಾ?" ಇನ್ನೂ ಇಲ್ಲ ಎನ್ನುವಾಗ, ಆ ಮೂರು ಗೆಲ್ಲು ನೆನಪಾಗಿ ನನ್ನ ದನಿ ಸಣ್ಣದಾಗುತ್ತಿತ್ತು. ಇವತ್ತು ಗಿಡದ ಬಳಿಯೇ ನಿಂತು ಹೇಳಿದೆ, "ಇಲ್ಲಮ್ಮ. ಆದರೆ ನೂರಹನ್ನೆರಡು ಎಲೆ ಉಂಟು. ಎಲ್ಲ ಉಸಿರಾಡ್ತಾ ಉಂಟು."

"ಎಣಿಸಿದ್ಯಾ ಮಾರಾಯ್ತಿ!"

"ದಿನಾ ಎಣಿಸ್ತೇನೆ."